ಫ್ರಿಜ್ಜಿಗೆ ಆರು ತಾಸು ವಿಶ್ರಾಂತಿ

ಹಗ್ಗ ಬಿಚ್ಚುತ್ತ ಗುಲ್ ಜಮಾನ್ ಹೇಳಿಬಿಟ್ಟ:
ಮಲಗಿಸಿ ತಂದದ್ದು, ಬೆಹನ್,
ಆರು ತಾಸು ನೆಟ್ಟಗೆ ನಿಲ್ಲಲಿ,
ಆಮೇಲೆ ಕರೆಂಟು ಕೊಡಿ.
ಇಲ್ಲವಾದರೆ ಹೊಸದಕ್ಕೆ ದುಡ್ಡು ತೆಗೆದಿಡಿ.

ಹೊಸದಕ್ಕೆ!
ನನ್ನ ನೋಟುಬುಕ್ಕಿನ ಕೊನೆಯ ಸಾಲಿನಲ್ಲಿ
ಉಳಿದದ್ದು ನೂರ ಹದಿನೇಳು ದಿರ್ಹಮ್,
ಅದರಲ್ಲೂ ಎಂಬತ್ತು ಇವನ ಪಿಕಪ್ಪಿಗೆ.

ಅದರ ಮೇಲಿನ ಸಾಲುಗಳು:
ಬಾಡಿಗೆ, ನಾಲ್ಕು ಚೆಕ್ಕು.
ಒಂದೊಂದಕ್ಕೂ ಸಹಿ ಹಾಕುವಾಗ ದಾಮೋದರ
ಉಸಿರು ಹಿಡಿದಿದ್ದ, ಮುಳುಗು ಹಾಕುವವನ ಹಾಗೆ.
ಏಜೆಂಟನ ಕಮಿಷನ್ನು.
ಅವನು ಮಾಡಿದ್ದು ಲೈಟು ಹಾಕಿ ತೋರಿಸಿದ್ದು.
ನೀರು, ಕರೆಂಟಿಗೆ ‘ಸೇವಾ’ ಡಿಪಾಸಿಟ್ಟು.
ಶಾರ್ಜಾದಲ್ಲಿ ಆ ಇಲಾಖೆಯನ್ನು ಕರೆಯುವುದೇ ಹಾಗೆ.
ಮೊದಲ ಸಲ ಕೇಳಿ ಕೈ ಮುಗಿಯುವುದೊಂದು ಬಾಕಿ,
ಯಾವ ಸೇವೆ, ಯಾರ ಹೆಸರಿಗೆ, ನಕ್ಷತ್ರ ಯಾವುದು?
ಕೌಂಟರಿನವಳು ಎಮಿರೇಟ್ಸ್ ಐಡಿ ಕೇಳಿದಳು.
ರಸೀದಿ ಕೊಟ್ಟಳು. ಪ್ರಸಾದವಿಲ್ಲ.

ರೋಲಾದ ಆ ಫ್ಲ್ಯಾಟಿನಲ್ಲಿ ನಾಲ್ಕು ಸಂಸಾರ.
ನಮ್ಮದು ಹಾಲಿನ ಅರ್ಧ,
ಜಿಪ್ಸಮ್ ಹಲಗೆಯ ಗೋಡೆ, ಬಾಗಿಲ ಜಾಗದಲ್ಲಿ ಪರದೆ.
ಆಚೆ ಬದಿ ಸೂಸಮ್ಮ ಸೀನಿದರೆ
ಈಚೆ ಬದಿ ನಮ್ಮ ಕ್ಯಾಲೆಂಡರು ಅಲುಗುತ್ತಿತ್ತು.
ಏಳು ವರ್ಷ ಪಿಸುಗುಟ್ಟಿಯೇ ಜಗಳವಾಡಿದೆವು.
ಪಿಸುದನಿಯಲ್ಲಿ ‘ನಿನ್ನ ಅಮ್ಮ’ ಎಂದರೆ
ಮುದ್ದು ಮಾಡಿದ ಹಾಗೆ ಕೇಳಿಸುತ್ತದೆ,
ಎಷ್ಟೋ ಜಗಳ ನಡುವಿನಲ್ಲೇ ಕೆಟ್ಟುಹೋದವು.

ಇಲ್ಲಿ ನಬ್ಬಾದಲ್ಲಿ ಮೂರನೆಯ ಮಹಡಿ.
ಲಿಫ್ಟಿದೆ, ಅದರೊಳಗೆ ಫ್ರಿಜ್ಜು ಹಿಡಿಸುವುದಿಲ್ಲ.
ಸೋಫಾ ಊರಿಗೆ ಹೊರಟ ಸುಡಾನಿನವರದ್ದು, ನೂರೈವತ್ತಕ್ಕೆ.
ನಡುವೆ ಒಂದು ಗುಂಡಿ:
ಯಾರೋ ಬಹಳ ದಿನ ಒಂದೇ ಕಡೆ ಕೂತು
ಫೋನಿಗೆ ಕಾದಿರಬೇಕು.
ಮಂಚ ಪುಕ್ಕಟೆ, ನಾಲ್ಕು ಬೋಲ್ಟು ಕಮ್ಮಿ.
ಕಿಟಕಿಗೆ ನನ್ನ ಎರಡು ಸೀರೆ,
ಬೇರೆಯವರ ಗೃಹಪ್ರವೇಶಗಳಲ್ಲಿ ಬಂದವು,
ಕೊಟ್ಟವರೂ ಉಡದ, ಪಡೆದವರೂ ಉಡದ ಜಾತಿಯವು.

ಪ್ರಾಪ್ತಿಗೆ ಇದ್ಯಾವುದೂ ಬೇಡ.
ಅವಳಿಗೆ ಬಾಗಿಲು ಸಿಕ್ಕಿದೆ.
ಮುಚ್ಚುತ್ತಾಳೆ. ತೆರೆಯುತ್ತಾಳೆ. ಮತ್ತೆ ಮುಚ್ಚಿ
ಒಳಗಿನಿಂದ ಕೂಗುತ್ತಾಳೆ: ಯಾರು?
ನಾನು.
ನಾನು ಅಂದ್ರೆ ಯಾರು?
ಬಾಡಿಗೆ ಕಟ್ಟಿದವಳು, ತೆಗಿಯೇ.

ಥರ್ಮಾಕೋಲ್ ಪೆಟ್ಟಿಗೆಯಲ್ಲಿ ನಾಲ್ಕು ಕಿಲೋ ಬಂಗುಡೆ,
ಜುಬೈಲ್ ಮಾರ್ಕೆಟ್ಟು ಮುಚ್ಚುವ ಹೊತ್ತಿಗೆ ಚೌಕಾಶಿ ಮಾಡಿ
ತಿಂಗಳಿಡೀ ಸಾಗಿಸಲು ತಂದದ್ದು.
ಐಸು ಕರಗಿ ನೀರಾಯಿತು, ನೀರು ಬೆಚ್ಚಗಾಯಿತು.
ಆಗಸ್ಟು.
ಫ್ರಿಜ್ಜು ನಿಂತೇ ಇದೆ, ಗೋಡೆಗೆ ಬೆನ್ನು ತಾಗಿಸದೆ,
ಎಷ್ಟು ಹೇಳಿದರೂ ಕೂರದ ನೆಂಟನ ಹಾಗೆ.
ದಾಮೋದರ ಗಡಿಯಾರ ನೋಡಿದ. ನಾನು ಮೀನು ನೋಡಿದೆ.
ಮಲ್ಪೆಯಲ್ಲಿ ಹುಟ್ಟಿದ ಮೂಗಿಗೆ ಗಡಿಯಾರ ಬೇಕಿಲ್ಲ.

ಬಾಣಲೆ ಸಿಕ್ಕಿದ್ದು ‘ಪುಸ್ತಕ’ ಎಂದು ಬರೆದ ಪೆಟ್ಟಿಗೆಯಲ್ಲಿ,
ಮೆಣಸಿನ ಪುಡಿ ಪ್ರಾಪ್ತಿಯ ಶೂ ಒಳಗೆ.
ಅಷ್ಟನ್ನೂ ಹುರಿದೆ.

ಹೊಗೆಗೆಂದು ಬಾಗಿಲು ತೆರೆದಿಟ್ಟರೆ
ಎದುರು ಮನೆಯ ಈಜಿಪ್ಟಿನ ಮುದುಕಿ ಬಂದು ನಿಂತಳು.
ಬಂತಪ್ಪ ಮೊದಲ ದೂರು, ಅಂದುಕೊಂಡೆ.
ಅವಳ ಎರಡು ಕೈಯಲ್ಲೂ ಒಂದೊಂದು ನಿಂಬೆಹಣ್ಣು.
ಮೆಟ್ಟಿಲಿಳಿಯುತ್ತಿದ್ದ ಗುಲ್ ಜಮಾನನನ್ನು ಕೂಗಿದೆವು.
ಸೋಫಾದ ಗುಂಡಿಯಲ್ಲೇ ಕೂತು ಐದು ಮೀನು ತಿಂದ,
ರೂಮಿನವರಿಗೆಂದು ಆರು ಕಟ್ಟಿಸಿಕೊಂಡ,
ಎಂಬತ್ತೂ ಎಣಿಸಿ ತೆಗೆದುಕೊಂಡ.
ವ್ಯಾಪಾರ ಬೇರೆ, ಬಂಗುಡೆ ಬೇರೆ.

ನಡುರಾತ್ರಿ ಪ್ಲಗ್ಗು ಸಿಕ್ಕಿಸಿದೆವು.
ಗುರ್ ಎಂದಿತು. ಬಲ್ಬೂ ಹತ್ತಿತು.
ಒಳಗಿಡಲು ಮಾತ್ರ ಏನೂ ಉಳಿದಿರಲಿಲ್ಲ,
ಅರ್ಧ ನಿಂಬೆಹಣ್ಣು ಇಟ್ಟೆವು.

ನೋಟುಬುಕ್ಕಿನಲ್ಲಿ ಬರೆದೆ: ಮೀನು, ನಾಲ್ಕು ಕಿಲೋ.
ಯಾವ ಖರ್ಚಿಗೆ ಸೇರಿಸ್ತೀ ಇದನ್ನ? ದಾಮೋದರ ಕೇಳಿದ,
ಜೋರಾಗಿ.
ಗೃಹಪ್ರವೇಶಕ್ಕೆ! ಅಂದೆ ನಾನು,
ಇನ್ನೂ ಜೋರಾಗಿ.

ಇಬ್ಬರೂ ಬೆಚ್ಚಿ ಗೋಡೆಯತ್ತ ನೋಡಿದೆವು.
ಆಚೆಯಿಂದ ಯಾರೂ ಕೆಮ್ಮಲಿಲ್ಲ.